ಬ್ರೇಕ್ ಮೇಷ್ಟ್ರ ಆರು ಟ್ಯೂಬು ರಕ್ತ

ನಮ್ಮ ಪೇಟೆಯಲ್ಲಿ ಕಾರು ಓಡಿಸುವ ಮೂವರಲ್ಲಿ ಒಬ್ಬರು ಬ್ರೇಕ್ ಮೇಷ್ಟ್ರ ಕೈಯಲ್ಲಿ ಪಳಗಿದವರು. ನಾನೂ ಅವರಲ್ಲಿ ಒಬ್ಬಳು. ಅವರ ಬಿಳಿ ಕಾರಿನಲ್ಲಿ ಕಲಿಯುವವರ ಕಾಲ ಕೆಳಗೊಂದು ಬ್ರೇಕು, ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲ ಕೆಳಗೆ ಇನ್ನೊಂದು. ಆ ಎರಡನೆಯದನ್ನು ಒತ್ತುವ ಮೊದಲು ಅವರು "ಈಗ ನಾನು ಒತ್ತುತೀನಿ, ಬೇಜಾರು ಮಾಡ್ಕೋಬೇಡಿ" ಎಂದು ಹೇಳಿಯೇ ಒತ್ತುತ್ತಿದ್ದರು. ಅಷ್ಟು ಹೇಳಿ ಮುಗಿಸುವುದರೊಳಗೆ ಕಾರು ಗೋಡೆ ಮುಟ್ಟಿದ್ದೂ ಉಂಟು. ಹೆಸರು ಬಂದದ್ದು ಹಾಗೆ.

ಮುಂದೆ ಹೇಳುವುದನ್ನೆಲ್ಲ ನನಗೆ ಹೇಳಿದ್ದು ಮೇಷ್ಟ್ರೇ. ಅವರು ಉಪ್ಪು ಖಾರ ಹಚ್ಚಿದ ಕಡೆಯಲ್ಲೆಲ್ಲ ಅವರ ಹೆಂಡತಿ ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ "ಹಾಗಲ್ಲ ಅದು" ಎಂದು ತಿದ್ದಿದರು. ಆದ್ದರಿಂದ ಇದು ಮುಕ್ಕಾಲು ಪಾಲು ನಿಜವಿರಬೇಕು.

ಮೇಷ್ಟ್ರಿಗೆ ಆಗ ನಲವತ್ತೊಂಬತ್ತು. ಎತ್ತರದ ಆಳು, ಕಾರಿನೊಳಗೆ ತಮ್ಮನ್ನು ತಾವೇ ಮಡಚಿಟ್ಟುಕೊಂಡು ಕೂರಬೇಕು. ಆಫೀಸು ಅಂದರೆ ಬೀದಿಗೆ ಬಾಗಿಲಿರುವ ಒಂದೇ ಕೋಣೆ: ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಒಂದು ಬೆಂಚು, ಮೇಜಿನ ಮೇಲೆ ಎಲ್ಲಿಂದಲೋ ಕಿತ್ತು ತಂದ ಒಂದು ಸ್ಟೀರಿಂಗ್ ಚಕ್ರ. ಮನೆ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ. ಲಿಫ್ಟಿಲ್ಲ, ಐವತ್ನಾಲ್ಕು ಮೆಟ್ಟಿಲು. ಮಕ್ಕಳಿಲ್ಲದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಆಕೆ ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತಾರೆ. ಗಂಡ ಕಲಿಸಿ ಕಲಿಸಿ ಸೀಟು ಹರಿಸುತ್ತಾನೆ, ನಾನು ಹೊಲಿಯುತ್ತೇನೆ, ಸಂಸಾರ ಅಂದರೆ ಇದೇ ಎನ್ನುವುದು ಆಕೆಯ ಮಾತು.

ಇನ್ನು ಮೇಷ್ಟ್ರ ಬಾಯಿ. ಅದು ನ್ಯೂಟ್ರಲ್ಲಿಗೆ ಬರುವುದೇ ಇಲ್ಲ. "ಕ್ಲಚ್ ಮೇಲೆ ಕಾಲಿಡೋದು ಮಲಗಿರೋ ಮಗೂನ ದಾಟೋ ಹಾಗಿರ್ಬೇಕು." "ಕನ್ನಡೀಲಿ ಮುಖ ನೋಡ್ಕೋಬೇಡಿ, ಹಿಂದೆ ಬರೋ ಲಾರಿ ನೋಡಿ. ಮುಖ ಎಲ್ಲೂ ಹೋಗಲ್ಲ." ಒಂದು ಗಂಟೆಯ ಪಾಠದಲ್ಲಿ ಕಾರಿಗಿಂತ ಹೆಚ್ಚು ದೂರ ಓಡುವುದು ಅವರ ನಾಲಿಗೆ.

ಆದರೆ ಒಂದು ವಿಷಯದಲ್ಲಿ ಮಾತ್ರ ಆ ನಾಲಿಗೆಗೆ ಬೀಗ ಬಿದ್ದಿತ್ತು. ಮೂವತ್ತೊಂದನೇ ವಯಸ್ಸಿನಲ್ಲಿ ಅವರಿಗೆ ದೊಡ್ಡ ಕರುಳಿನ ಕಾಯಿಲೆ ಬಂತು. ಕರುಳಿನ ಒಳಗೋಡೆ ಊದಿ, ಹುಣ್ಣಾಗಿ, ರಕ್ತ ಒಸರುವ ಉರಿಯೂತ. ಬಂದರೆ ಪೂರ್ತಿ ಬಿಟ್ಟು ಹೋಗುವುದಲ್ಲ. ಮಾತ್ರೆ ನುಂಗಿಕೊಂಡಿದ್ದರೆ ವರ್ಷಗಟ್ಟಲೆ ಮಲಗಿರುತ್ತದೆ, ಒಂದು ದಿನ ಹೇಳದೆ ಕೇಳದೆ ಎದ್ದು ಕೂರುತ್ತದೆ. ಎದ್ದು ಕೂತ ದಿನ ಮನುಷ್ಯನಿಗೆ ಬೇಕಾದದ್ದು ಒಂದೇ, ಹತ್ತಿರದಲ್ಲೊಂದು ಶೌಚಾಲಯ.

ಹಾಗಾಗಿ ಮೇಷ್ಟ್ರು ಪಾಠದ ದಾರಿಯನ್ನೇ ಅದಕ್ಕೆ ತಕ್ಕಂತೆ ಹೆಣೆದಿದ್ದರು. ಪೆಟ್ರೋಲ್ ಬಂಕಿನ ಮುಂದೆ ಪಾರ್ಕಿಂಗ್ ಅಭ್ಯಾಸ, ರೈಲು ನಿಲ್ದಾಣದ ಪಕ್ಕದ ಗೇಟಿನಲ್ಲಿ ರಿವರ್ಸ್, ಸಾರ್ವಜನಿಕ ಗ್ರಂಥಾಲಯದ ಎದುರು ಇಳಿಜಾರಿನಲ್ಲಿ ನಿಲ್ಲಿಸಿ ಹೊರಡುವುದು. "ಒಂದೆರಡು ನಿಮಿಷ ಕಾರಿನ ಸದ್ದು ಕೇಳ್ತಾ ಕೂತಿರಿ, ಇಂಜಿನ್ ಜೊತೆ ಸ್ನೇಹ ಬೆಳೆಯುತ್ತೆ" ಎಂದು ಹೇಳಿ ಇಳಿದು ಹೋಗುತ್ತಿದ್ದರು. ನಾವು ಮೂರ್ಖರ ಹಾಗೆ ಕೂತು ಸದ್ದು ಕೇಳುತ್ತಿದ್ದೆವು. ಲೈಸೆನ್ಸ್ ಕೊಡುವ ಇನ್ಸ್‌ಪೆಕ್ಟರು ಒಮ್ಮೆ ಮೇಷ್ಟ್ರನ್ನು ಕರೆದು, "ನಿಮ್ಮ ಶಿಷ್ಯರು ಪಾರ್ಕಿಂಗಲ್ಲಿ ಎತ್ತಿದ ಕೈ, ಸರಿ. ಆದ್ರೆ ಟೆಸ್ಟಿಗೆ ಕರ್ಕೊಂಡು ಹೋದ್ರೆ ಯಾಕೆ ಎಲ್ಲರೂ ಪೆಟ್ರೋಲ್ ಬಂಕ್ ಕಂಡ ತಕ್ಷಣ ಇಂಡಿಕೇಟರ್ ಹಾಕ್ತಾರೆ?" ಎಂದು ಕೇಳಿದರಂತೆ. ಮೇಷ್ಟ್ರು ಜಂಭದಿಂದ "ಶಿಸ್ತು" ಎಂದರಂತೆ.

ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಮೇಡಂ ಕಾರು ಕಲಿಯಲು ಬಂದದ್ದು ಅವರ ಅರವತ್ತೊಂದನೇ ವಯಸ್ಸಿನಲ್ಲಿ. ಎಲ್ಲರೂ ಅವರನ್ನು ಲೈಬ್ರರಿ ಮೇಡಂ ಎಂದೇ ಕರೆಯುತ್ತಿದ್ದರು. ಕುಳ್ಳಗೆ, ದಪ್ಪ ಕನ್ನಡಕ, ಸೀಟಿನ ಮೇಲೆ ಎರಡು ದಿಂಬು ಹಾಕಿಕೊಂಡು ಕೂತರು. ಮೊದಲ ದಿನ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಲೇ, "ನಿಮ್ಮನ್ನ ನಾನು ಬಲ್ಲೆ ಮೇಷ್ಟ್ರೇ. ಹನ್ನೆರಡು ವರ್ಷ ದಿನಾ ಹನ್ನೊಂದು ಗಂಟೆಗೆ ಲೈಬ್ರರಿಗೆ ಬರ್ತಿದ್ರಿ. ಒಂದು ಪುಸ್ತಕಾನೂ ಮುಟ್ಟಿದ್ದು ನಾನು ನೋಡಿಲ್ಲ" ಎಂದರು.

ಮೇಷ್ಟ್ರು ಕನ್ನಡಿ ಸರಿಮಾಡಿಕೊಳ್ಳುತ್ತ, "ಪೇಪರ್ ನೋಡ್ತಿದ್ದೆ" ಎಂದರು.

"ಪೇಪರ್ ಇರೋದು ಎಡಗಡೆ. ನೀವು ಹೋಗ್ತಿದ್ದದ್ದು ಬಲಗಡೆ" ಎಂದರು ಮೇಡಂ. ಆಮೇಲೆ ಮೆತ್ತಗೆ, "ಲೈಬ್ರರಿಗೆ ಬರೋರೆಲ್ಲ ಓದೋಕೇ ಬರಲ್ಲ ಬಿಡಿ. ಕೆಲವರು ಫ್ಯಾನ್ ಕೆಳಗೆ ಕೂರೋಕೆ ಬರ್ತಾರೆ, ಕೆಲವರು ಮನೇಲಿ ಜಗಳ ಆಡ್ಕೊಂಡು ಬರ್ತಾರೆ. ನಮ್ಮ ತಂಗಿಗೂ ಕರುಳಿನ ತೊಂದರೆ ಇದೆ, ನನಗೆ ಗೊತ್ತಾಗುತ್ತೆ. ಈಗ ಹೇಳಿ, ಇದರಲ್ಲಿ ಯಾವುದು ಕ್ಲಚ್ಚು?"

ಹೆಂಡತಿ ಮತ್ತು ವೈದ್ಯರನ್ನು ಬಿಟ್ಟು ಹದಿನೆಂಟು ವರ್ಷದಲ್ಲಿ ಈ ಗುಟ್ಟು ತಿಳಿದ ಮೊದಲ ಮನುಷ್ಯರು ಅವರೇ. ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ, ಬಿಗಿ ಬೂಟು ಕಳಚಿದಷ್ಟು ಹಾಯೆನಿಸಿತಂತೆ.

ಅದೇ ದಿನಗಳಲ್ಲಿ ಕಾಯಿಲೆ ಮತ್ತೆ ಎದ್ದು ಕೂತಿತ್ತು. ಹಿಂದಿನ ಎರಡು ವರ್ಷ ಚೆನ್ನಾಗಿದ್ದುದರಿಂದ ಮೇಷ್ಟ್ರು ಹಳೆಯ ಮಾತ್ರೆಯನ್ನೇ ನುಂಗಿಕೊಂಡು ಕರುಳಿನ ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟಿದ್ದರು. ಈಗ ರಕ್ತ ಕಾಣಿಸಿಕೊಂಡಾಗ, ಇಷ್ಟು ದಿನ ಎಲ್ಲಿದ್ದಿರಿ ಎಂದು ಬೈಸಿಕೊಳ್ಳಬೇಕಲ್ಲ ಎಂದು ಹೋಗಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಇಂದು ನಿಲ್ಲುತ್ತದೆ, ನಾಳೆ ನಿಲ್ಲುತ್ತದೆ ಎಂದು ನಾಲ್ಕು ತಿಂಗಳು ದೂಡಿದರು.

ಮೊದಲು ಬದಲಾದದ್ದು ಮಾತು. ಪಾಠದಲ್ಲಿ ಮೇಷ್ಟ್ರು ಸುಮ್ಮನೆ ಕೂರತೊಡಗಿದರು. ಶಿಷ್ಯರಿಗೆ ಆಶ್ಚರ್ಯ. ಮೇಷ್ಟ್ರಿಗೆ ವಯಸ್ಸಾದ ಹಾಗೆ ತಾಳ್ಮೆ ಬಂತು ಎಂದು ಹೊಗಳಿದವರೂ ಇದ್ದರು. ನಿಜ ಏನೆಂದರೆ, ಒಂದು ವಾಕ್ಯ ಮುಗಿಸುವಷ್ಟು ಉಸಿರು ಅವರಲ್ಲಿರಲಿಲ್ಲ. ಐವತ್ನಾಲ್ಕು ಮೆಟ್ಟಿಲನ್ನು ಮೂರು ಕಂತಿನಲ್ಲಿ ಹತ್ತುತ್ತಿದ್ದರು. ಮೊದಲ ಮಹಡಿಯಲ್ಲಿ ನಿಂತು ಪಕ್ಕದ ಮನೆಯವರ ಹೂಕುಂಡ ನೋಡುವುದು, ಎರಡನೆಯದರಲ್ಲಿ ಬೂಟಿನ ದಾರ ಕಟ್ಟುವುದು. ಮೊದಲ ಮಹಡಿಯ ಹೆಂಗಸು ಇವರಿಗೆ ಗಿಡಗಳ ಮೇಲೆ ಅಷ್ಟೊಂದು ಪ್ರೀತಿ ಎಂದುಕೊಂಡು ಒಂದು ಕುಂಡವನ್ನೇ ಕೊಟ್ಟುಬಿಟ್ಟರು. ಅದನ್ನು ಹೊತ್ತುಕೊಂಡು ಮಿಕ್ಕ ಎರಡು ಮಹಡಿ ಹತ್ತುವಷ್ಟರಲ್ಲಿ ಮೇಷ್ಟ್ರಿಗೆ ಹಗಲಿನಲ್ಲೇ ನಕ್ಷತ್ರ ಕಂಡವು.

ಎರಡನೆಯದು ಮಂಜುಗಡ್ಡೆ. ಇದ್ದಕ್ಕಿದ್ದಂತೆ ಅವರಿಗೆ ಮಂಜುಗಡ್ಡೆ ಅಗಿಯುವ ಹುಚ್ಚು ಹಿಡಿಯಿತು. ಫ್ರಿಜ್ಜಿನ ತಟ್ಟೆ ತುಂಬಿಸುವುದೇ ತಡ, ಖಾಲಿ. ಬಾಟಲಿಯಲ್ಲಿ ಗಡ್ಡೆ ತುಂಬಿಸಿಕೊಂಡು ಕಾರಿಗೆ ತಂದು, ಪಾಠದುದ್ದಕ್ಕೂ ಕಟಕಟ ಎಂದು ಅಗಿಯುತ್ತಿದ್ದರು. ಒಬ್ಬ ಶಿಷ್ಯ ಗೇರ್‌ಬಾಕ್ಸಿನಲ್ಲಿ ಏನೋ ಸದ್ದು ಎಂದು ಕಾರು ನಿಲ್ಲಿಸಿದ್ದನಂತೆ.

ವಿಷಯ ಹೊರಬಿದ್ದದ್ದು ದೊಡ್ಡ ವೃತ್ತದಲ್ಲಿ. ಲೈಬ್ರರಿ ಮೇಡಂ ಆ ದಿನ ವೃತ್ತ ಸುತ್ತುವಾಗ ಕಾರು ನಿಂತುಹೋಯಿತು. ಮತ್ತೆ ಸ್ಟಾರ್ಟ್ ಆಗಲಿಲ್ಲ, ಬ್ಯಾಟರಿ ಸತ್ತಿತ್ತು. ಹಿಂದಿನಿಂದ ಹಾರನ್ನುಗಳ ಮೇಳ. ಮೇಷ್ಟ್ರು ಇಳಿದು, "ನೀವು ಸ್ಟೀರಿಂಗ್ ಹಿಡ್ಕೊಳ್ಳಿ, ನಾನು ತಳ್ಳುತೀನಿ" ಎಂದರು. ಹತ್ತು ಹೆಜ್ಜೆ ತಳ್ಳಿರಬೇಕು. ಕಿವಿಯಲ್ಲಿ ಗುಂಯ್ ಎಂದಿತು, ಎದೆ ಡಬಡಬ ಹೊಡೆದುಕೊಂಡಿತು, ಕಾಲು ಹತ್ತಿಯಾಯಿತು. ಹಾಗೇ ಹೋಗಿ ಕಲ್ಲಿನ ಅಂಚಿನ ಮೇಲೆ ಕೂತುಬಿಟ್ಟರು.

ಮೇಡಂ ಕನ್ನಡಿಯಲ್ಲಿ ನೋಡಿದರು. ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತೆಗೆಯುವ ಮುಂಚೆ ಹಿಂದೆ ವಾಹನ ಬರುತ್ತಿದೆಯೇ ಎಂದು ಕಲಿಸಿದ ಹಾಗೆಯೇ ನೋಡಿ, ಇಳಿದರು. ದಾರಿಹೋಕರಿಬ್ಬರನ್ನು ಕರೆದು ಕಾರನ್ನು ಪಕ್ಕಕ್ಕೆ ತಳ್ಳಿಸಿ, ತಾವೂ ತಳ್ಳಿ, ಬಂದು ಮೇಷ್ಟ್ರ ಪಕ್ಕದಲ್ಲಿ ಕೂತರು.

"ಕಣ್ಣಿನ ಕೆಳಗಿನ ರೆಪ್ಪೆ ಎಳೆದು ತೋರಿಸಿ."

ಮೇಷ್ಟ್ರು ಮಗುವಿನ ಹಾಗೆ ತೋರಿಸಿದರು. ಒಳಗೆ ಕಾಗದದಷ್ಟು ಬಿಳುಪು.

"ಮಂಜುಗಡ್ಡೆ ಅಗಿಯೋದು ನೋಡ್ದಾಗಲೇ ಅಂದ್ಕೊಂಡೆ. ನಮ್ಮ ತಂಗೀನೂ ಹೀಗೇ ಅಗೀತಿದ್ಲು. ಮೈಯಲ್ಲಿ ಕಬ್ಬಿಣ ಇಲ್ಲದಿದ್ರೆ ಹಾಗಾಗುತ್ತಂತೆ. ರಕ್ತ ಪರೀಕ್ಷೆ ಮಾಡಿಸಿ" ಎಂದರು ಮೇಡಂ.

ಮೇಷ್ಟ್ರು ಮರುದಿನವೇ ಬೀದಿ ಕೊನೆಯ ಡಾಕ್ಟರ ಹತ್ತಿರ ಹೋದರು. ಒಳ್ಳೆಯ ಮನುಷ್ಯ, ಜ್ವರ ನೆಗಡಿಗೆ ಇಡೀ ಬೀದಿಗೆ ಆಧಾರ. ಹಿಮೋಗ್ಲೋಬಿನ್ ಎಂಟು ಪಾಯಿಂಟ್ ಎರಡು ಬಂತು. ಗಂಡಸಿಗೆ ಹದಿಮೂರಾದರೂ ಇರಬೇಕು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು. ಕರುಳಿನ ಕಾಯಿಲೆಯ ಬಗ್ಗೆ ಮೇಷ್ಟ್ರು ಬಾಯಿ ಬಿಟ್ಟದ್ದು ಅರ್ಧ ಮಾತ್ರ: "ಹಳೇದು, ಈಗ ಏನಿಲ್ಲ."

ಆ ಮಾತ್ರೆಗಳು ಹೊಟ್ಟೆಯೊಳಗೆ ಹೋಗಿ ಧರಣಿ ಕೂತವು. ಹೊಟ್ಟೆನೋವು, ಉಬ್ಬರ, ಅದರ ಮೇಲೆ ಮಲವೆಲ್ಲ ಕರ್ರಗಾಗಿ ರಕ್ತ ಹೋಗುತ್ತಿದೆಯೋ ನಿಂತಿದೆಯೋ ಎನ್ನುವುದೂ ತಿಳಿಯದೆ ಹೋಯಿತು. ಆರು ವಾರ ಹಲ್ಲು ಕಚ್ಚಿ ನುಂಗಿದ ಮೇಲೆ ಮತ್ತೆ ಪರೀಕ್ಷೆ: ಎಂಟು ಪಾಯಿಂಟ್ ನಾಲ್ಕು. ಡಾಕ್ಟರು ತಲೆ ಕೆರೆದುಕೊಂಡು ಫೆರಿಟಿನ್ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿದರು. ದೇಹದ ಉಗ್ರಾಣದಲ್ಲಿ ಎಷ್ಟು ಕಬ್ಬಿಣ ಇದೆ ಎಂದು ಹೇಳುವ ಪರೀಕ್ಷೆ ಅದು. ಅರವತ್ತೆರಡು ಬಂತು. ಪಕ್ಕದಲ್ಲಿ ಮೂವತ್ತಕ್ಕಿಂತ ಮೇಲಿದ್ದರೆ ಸರಿ ಎಂದು ಅಚ್ಚಾಗಿತ್ತು.

"ಕಬ್ಬಿಣ ಇದೆಯಲ್ರೀ. ಹಳೇ ಕಾಯಿಲೆ ಇದ್ದೋರಿಗೆ ರಕ್ತ ಸ್ವಲ್ಪ ಕಡಿಮೆ ಇರುತ್ತೆ. ಚೆನ್ನಾಗಿ ಊಟ ಮಾಡಿ, ರೆಸ್ಟ್ ತಗೊಳ್ಳಿ" ಎಂದರು ಡಾಕ್ಟರು.

ಮೇಷ್ಟ್ರಿಗೆ ಬೇಕಾದದ್ದೂ ಅದೇ. ಮಾತ್ರೆ ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿ, ಎಲ್ಲ ಸರಿಯಾಗಿದೆ ಎಂದು ಮೇಡಂಗೆ ರಿಪೋರ್ಟು ತೋರಿಸಿದರು.

ಮೇಡಂ ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನನಗೆ ಡಾಕ್ಟರಿಕೆ ಗೊತ್ತಿಲ್ಲ. ಆದ್ರೆ ಕ್ಯಾಟಲಾಗಲ್ಲಿ ಪುಸ್ತಕ ಇದೆ ಅಂತಿರುತ್ತೆ, ಕಪಾಟಲ್ಲಿ ಇರಲ್ಲ, ಅದು ಗೊತ್ತು. ಇದೆ ಅಂದ್ರೆ ಎಲ್ಲಿ? ನೀವ್ಯಾಕೆ ಇನ್ನೂ ಗೋಡೆ ಸುಣ್ಣದ ಹಾಗಿದೀರಾ? ಕರುಳಿನ ಡಾಕ್ಟರಿಗೆ ಇದನ್ನ ತೋರಿಸಿದ್ರಾ?"

"ಇಲ್ಲ."

"ಯಾವಾಗ ಹೋಗ್ತೀರಾ?"

ಮೇಷ್ಟ್ರು ಮಾತು ಬದಲಿಸಿದರು. "ನಿಮ್ಮ ಲೈಸೆನ್ಸ್ ಟೆಸ್ಟು ಯಾವಾಗ ತಗೋತೀರಾ, ಅದು ಹೇಳಿ. ಎರಡು ಸಲ ದಿನ ಗೊತ್ತು ಮಾಡಿ ಮುಂದಕ್ಕೆ ಹಾಕಿದೀರಾ."

ಅದು ನಿಜವಾಗಿತ್ತು. ಮೇಡಂಗೆ ಕಾರು ಚೆನ್ನಾಗಿ ಬರುತ್ತಿತ್ತು, ಆದರೆ ಪರೀಕ್ಷೆ ಎಂದರೆ ಹೆದರಿಕೆ. ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂರುತ್ತಾರೆ ಎಂದು ನೆನೆಸಿಕೊಂಡರೇ ಬಲ ಯಾವುದು ಎಡ ಯಾವುದು ಎಂದು ಮರೆತುಹೋಗುತ್ತಿತ್ತು. ಮೇಡಂ ರಿಪೋರ್ಟು ಮಡಚಿ ಮೇಷ್ಟ್ರ ಕೈಗಿಟ್ಟರು. ಆಮೇಲೆ ಮೇಡಂ ಹೇಳಿದರು:

"ಸರಿ, ಹೀಗೆ ಮಾಡೋಣ. ನೀವು ನಿಮ್ಮ ಟೆಸ್ಟ್ ಕೊಡಿ, ನಾನು ನನ್ನದು ಕೊಡ್ತೀನಿ. ಯಾರು ಹಿಂದೆ ಸರಿದ್ರೆ ಅವರು ಹೇಡಿ."

ಮೇಷ್ಟ್ರು ಒಪ್ಪಿದರು. ಒಪ್ಪಿದ್ದು ಮೇಡಂ ಎಂದೂ ಟೆಸ್ಟಿಗೆ ಹೋಗುವುದಿಲ್ಲ ಎಂಬ ಧೈರ್ಯದಿಂದ. ಮೇಡಂ ಅಲ್ಲಿಂದಲೇ ಫೋನು ಮಾಡಿ ಐದು ವಾರದ ಮೇಲಿನ ಒಂದು ದಿನ ಗೊತ್ತು ಮಾಡಿಕೊಂಡರು.

ಆ ಸಂಜೆ ಮೇಷ್ಟ್ರು ಮೂರು ಕಂತಿನಲ್ಲಿ ಮೆಟ್ಟಿಲು ಹತ್ತಿ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಹೊಲಿಯುವುದನ್ನು ನಿಲ್ಲಿಸಲಿಲ್ಲ. ಒಂದು ಸೀಟಿನ ಅಂಚು ಪೂರ್ತಿ ಹೊಲಿದು, ದಾರ ಕತ್ತರಿಸಿ, ಆಮೇಲೆ ತಲೆಯೆತ್ತಿದರು.

"ನಾಲ್ಕು ತಿಂಗಳಿಂದ ರಕ್ತ ಹೋಗ್ತಿದೆ. ನನಗೆ ಹೇಳ್ಲಿಲ್ಲ."

"ಹೋದ ಸಲ ನೀನು ಊಟ ನಿದ್ದೆ ಬಿಟ್ಟು ಅರ್ಧ ಆಗಿಬಿಟ್ಟಿದ್ದೆ. ಅದಕ್ಕೇ..."

"ನಿಮ್ಮ ಮಾತು ನಿಂತಾಗ ನನ್ನ ಮೇಲೆ ಸಿಟ್ಟು ಅಂದ್ಕೊಂಡೆ" ಎಂದರು ಆಕೆ. "ನಾಲ್ಕು ತಿಂಗಳು ಏನು ತಪ್ಪು ಮಾಡ್ದೆ ಅಂತ ಯೋಚನೆ ಮಾಡ್ತಿದ್ದೆ. ಮೂರು ತಪ್ಪು ಹುಡುಕಿ ಇಟ್ಕೊಂಡೂ ಇದ್ದೆ."

ಮೇಷ್ಟ್ರು ಆ ಮೂರು ತಪ್ಪು ಯಾವುವೆಂದು ಕೇಳಿದರು. ಆಕೆ ಹೇಳಲಿಲ್ಲ. ಇಂದಿನವರೆಗೂ ಹೇಳಿಲ್ಲ. ಆದರೆ ಮರುದಿನ ಬೆಳಗ್ಗೆ ಹತ್ತು ಸೀಟಿನ ಕೆಲಸ ಬದಿಗಿಟ್ಟು ಗಂಡನ ಜೊತೆ ಆಸ್ಪತ್ರೆಗೆ ಹೊರಟರು.

ಕರುಳಿನ ಡಾಕ್ಟರು ಬೈಯಲಿಲ್ಲ. ಹಳೆಯ ಡಾಕ್ಟರು ಬೇರೆ ಊರಿಗೆ ಹೋಗಿ ಈಗ ಆ ಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳಿದ್ದರು, ಮೂವತ್ತೈದು ದಾಟಿರಲಿಕ್ಕಿಲ್ಲ. ಎರಡೂ ರಿಪೋರ್ಟುಗಳನ್ನು ಓದಿ, ಹೊಟ್ಟೆ ಒತ್ತಿ ನೋಡಿ, ಎಲ್ಲ ಕೇಳಿ, ಕೊನೆಗೆ ಹೇಳಿದರು:

"ಈ ಫೆರಿಟಿನ್ ಒಂದನ್ನೇ ನಂಬಿ ಕೂತ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಮೈಯಲ್ಲಿ ಉರಿಯೂತ ಇದ್ರೆ ಅದು ತಾನಾಗೇ ಮೇಲೆ ಹೋಗುತ್ತೆ. ಆರೋಗ್ಯವಾಗಿರೋ ಮನುಷ್ಯನಲ್ಲಿ ಅರವತ್ತೆರಡು ಅಂದ್ರೆ ಚೆನ್ನಾಗಿದೆ. ಕರುಳು ಉರೀತಿರೋ ಮನುಷ್ಯನಲ್ಲಿ ನೂರಕ್ಕಿಂತ ಕಡಿಮೆ ಇದ್ರೆ ನಾನು ಅನುಮಾನ ಪಡ್ತೀನಿ. ಇನ್ನೂ ನಾಲ್ಕೈದು ಪರೀಕ್ಷೆ ಸೇರಿಸಿ ನೋಡಿದ್ರೆ ಸತ್ಯ ಗೊತ್ತಾಗುತ್ತೆ. ನಾಳೆ ಬೆಳಗ್ಗೆ ಖಾಲಿ ಹೊಟ್ಟೇಲಿ ಬನ್ನಿ."

ಮರುದಿನ ರಕ್ತ ತೆಗೆಯುವ ಕೋಣೆಯಲ್ಲಿ ಅಗಲ ತೋಳಿನ ಕುರ್ಚಿ, ಗೋಡೆಗೊಂದು ಗಡಿಯಾರ, ಕಟ್ಟಿಗೆ ಸ್ಟ್ಯಾಂಡಿನಲ್ಲಿ ಆರು ಟ್ಯೂಬು. ಒಂದಕ್ಕೆ ನೇರಳೆ ಮುಚ್ಚಳ, ಇನ್ನೆರಡಕ್ಕೆ ಹಳದಿ, ಉಳಿದವಕ್ಕೆ ಕೆಂಪು. ಸೂಜಿ ಹಿಡಿದ ನರ್ಸು ಮೇಷ್ಟ್ರಿಗಿಂತ ದೊಡ್ಡ ಮಾತುಗಾರ್ತಿ. ಮೇಷ್ಟ್ರು ಟ್ಯೂಬು ಎಣಿಸಿ, "ರಕ್ತ ಇಲ್ಲ ಅಂತ ಬಂದೋನ ಹತ್ರ ಇಷ್ಟೊಂದು ಕಿತ್ಕೊಂಡ್ರೆ ಹೇಗಮ್ಮಾ? ಬೋಳುತಲೆಯೋನ ಹತ್ರ ಬಾಚಣಿಗೆ ಸಾಲ ಕೇಳಿದ ಹಾಗಾಯ್ತು" ಎಂದರು.

"ಎಲ್ಲ ಸೇರಿ ನಾಲ್ಕೈದು ಟೀ ಚಮಚ ಅಷ್ಟೇ. ನೀವು ಅದಕ್ಕಿಂತ ಜಾಸ್ತಿ ದಿನಾ ಸೋರಿಸ್ತಿದೀರಲ್ಲ, ಆಗ ಲೆಕ್ಕ ಹಾಕಿದ್ರಾ?" ಎಂದಳು ಆಕೆ. ಮೇಷ್ಟ್ರ ಹೆಂಡತಿ ಅಷ್ಟು ಹೊತ್ತಿಗೆ ಮೊದಲ ಬಾರಿ ನಕ್ಕರು. ನರ್ಸು ಒಂದೊಂದು ಟ್ಯೂಬು ತುಂಬುತ್ತಲೇ ಹೇಳಿದಳು: ಇದು ರಕ್ತಕಣ ಎಣಿಸೋಕೆ, ಇದು ಕಬ್ಬಿಣಕ್ಕೆ, ಇದು ಉರಿ ಎಷ್ಟಿದೆ ನೋಡೋಕೆ, ಇದು ವಿಟಮಿನ್ನಿಗೆ. ಆರನೆಯದು ತುಂಬುವಾಗ ಮೇಷ್ಟ್ರು ಚಾವಣಿ ನೋಡುತ್ತ, ಇನ್ಸ್‌ಪೆಕ್ಟರ ಪಕ್ಕ ಕೂತ ಶಿಷ್ಯನ ಪಾಡು ಹೇಗಿರುತ್ತದೆ ಎಂದು ತಮಗೆ ಅಂದು ಅರ್ಥವಾಯಿತು ಎಂದುಕೊಂಡರಂತೆ.

ಮೂರನೇ ದಿನ ಡಾಕ್ಟರು ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತರು. ಉರಿಯೂತ ಹೇಳುವ ಸಿಆರ್‌ಪಿ ಐದರೊಳಗಿರಬೇಕಾದದ್ದು ಮೂವತ್ತನಾಲ್ಕಾಗಿತ್ತು. "ಅಂದ್ರೆ ಕರುಳಲ್ಲಿ ಬೆಂಕಿ ಇದೆ. ಫೆರಿಟಿನ್ ಯಾಕೆ ಸುಳ್ಳು ಹೇಳ್ತು ಅಂತ ಗೊತ್ತಾಯ್ತಲ್ಲ. ಈಗ ಇದನ್ನ ನೋಡಿ. ರಕ್ತದಲ್ಲಿ ಕಬ್ಬಿಣ ಸಾಗಿಸೋ ಒಂದು ಪದಾರ್ಥ ಇದೆ. ಅದನ್ನ ಬಸ್ಸು ಅಂದ್ಕೊಳ್ಳಿ. ನೂರು ಸೀಟಲ್ಲಿ ಇಪ್ಪತ್ತಾದ್ರೂ ತುಂಬಿರ್ಬೇಕು. ನಿಮ್ಮದ್ರಲ್ಲಿ ಏಳು."

"ನೂರು ಸೀಟಿನ ಬಸ್ಸಲ್ಲಿ ಏಳು ಜನ" ಎಂದು ಮೇಷ್ಟ್ರು ಗೊಣಗಿದರು. "ಆ ಬಸ್ಸು ಓಡಿಸೋ ಬದಲು ಶೆಡ್ಡಲ್ಲಿ ಹಾಕೋದೇ ವಾಸಿ."

"ಕಬ್ಬಿಣ ನಿಜವಾಗಲೂ ಖಾಲಿ ಆಗಿದೆ, ಅಷ್ಟೇ. ಮಾತ್ರೆ ಯಾಕೆ ಹಿಡೀಲಿಲ್ಲ ಅಂದ್ರೆ, ಉರಿ ಇರುವಾಗ ಕರುಳು ಕಬ್ಬಿಣಕ್ಕೆ ಬಾಗಿಲು ಹಾಕ್ಕೊಳ್ಳುತ್ತೆ. ನೀವು ಆರು ವಾರ ಮುಚ್ಚಿದ ಬಾಗಿಲು ತಟ್ಟಿದ್ರಿ."

ಮೇಷ್ಟ್ರ ಹೆಂಡತಿ ಹಾಳೆಯಲ್ಲಿ ಬೆರಳಿಟ್ಟು ಕೇಳಿದರು: "ಇಲ್ಲಿ ರಕ್ತಕಣದ ಗಾತ್ರ ಸರಿಯಾಗಿದೆ ಅಂತಿದೆಯಲ್ಲ?" ಡಾಕ್ಟರು ಖುಷಿಯಿಂದ ಅವರ ಕಡೆ ತಿರುಗಿದರು. "ಒಳ್ಳೇ ಪ್ರಶ್ನೆ. ಅದು ಸರಾಸರಿ. ಕಬ್ಬಿಣ ಇಲ್ಲದಿದ್ರೆ ಕಣ ಸಣ್ಣದಾಗುತ್ತೆ. ಫೋಲಿಕ್ ಆಸಿಡ್ ಅಂತ ಒಂದು ವಿಟಮಿನ್ ಕಡಿಮೆಯಾದ್ರೆ ದೊಡ್ಡದಾಗುತ್ತೆ. ಇವರು ನುಂಗ್ತಿರೋ ಹಳೇ ಮಾತ್ರೆ ಆ ವಿಟಮಿನ್ನನ್ನ ತಿನ್ನುತ್ತೆ. ಅರ್ಧ ಕುಳ್ಳರು, ಅರ್ಧ ಉದ್ದದೋರು, ಸರಾಸರಿ ತೆಗೆದ್ರೆ ಎಲ್ಲ ಸರಿ. ಅದಕ್ಕೇ ಪಕ್ಕದ ಸಾಲೂ ನೋಡ್ಬೇಕು, ಕಣಗಳ ನಡುವೆ ವ್ಯತ್ಯಾಸ ಎಷ್ಟು ಅಂತ. ಅದು ಜಾಸ್ತಿ ಇದೆ."

"ಸೀಟ್ ಕವರಲ್ಲೂ ಹೀಗೇ. ಎಲ್ಲದಕ್ಕೂ ಸರಾಸರಿ ಅಳತೆ ತಗೊಂಡ್ರೆ ಒಂದಕ್ಕೂ ಕೂರಲ್ಲ" ಎಂದರು ಆಕೆ. ಅಲ್ಲಿಂದಾಚೆ ಡಾಕ್ಟರು ಮಾತಾಡಿದ್ದೆಲ್ಲ ಹೆಂಡತಿಯ ಜೊತೆಗೇ. ಕರುಳಿನ ಉರಿಗೆ ಹೊಸ ಔಷಧಿ, ವಿಟಮಿನ್ನಿಗೆ ಒಂದು ಸಣ್ಣ ಮಾತ್ರೆ, ಕಬ್ಬಿಣವನ್ನು ಮಾತ್ರ ನೇರವಾಗಿ ರಕ್ತನಾಳಕ್ಕೇ ಕೊಡುವುದು ಎಂದು ತೀರ್ಮಾನವಾಯಿತು. ಮೇಷ್ಟ್ರಿಗೆ ತಾವು ರಿಪೇರಿಗೆ ಬಿಟ್ಟ ಕಾರು ಎನಿಸಿತು.

ವಾರದ ಅಂತರದಲ್ಲಿ ಎರಡು ಸಲ ಕಬ್ಬಿಣ ಏರಿಸಿದರು. ಕಿಟಕಿ ಪಕ್ಕದ ಹಾಸಿಗೆ, ಮೇಲೊಂದು ಕಂದು ಬಣ್ಣದ ಚೀಲ, ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. "ಕಡುಗಪ್ಪು ಟೀ ಥರಾ ಇದೆ" ಎಂದರು ಮೇಷ್ಟ್ರು. "ತುಕ್ಕು ನೀರು" ಎಂದರು ಹೆಂಡತಿ. ಮುಗಿದ ಮೇಲೂ ಮೈಗೆ ಒಗ್ಗುತ್ತದೋ ಇಲ್ಲವೋ ಎಂದು ಅರ್ಧ ಗಂಟೆ ಕೂರಿಸಿಕೊಂಡರು. ಏನೂ ಆಗಲಿಲ್ಲ; ಪಕ್ಕದ ಹಾಸಿಗೆಯವರಿಗೆ ಮೇಷ್ಟ್ರು ಇಳಿಜಾರಿನಲ್ಲಿ ಕಾರು ನಿಲ್ಲಿಸುವ ವಿಧಾನ ವಿವರಿಸಲು ಶುರುಮಾಡಿದರು, ಅಷ್ಟೇ. ಹದಿನೆಂಟು ವರ್ಷ ಮುಚ್ಚಿಟ್ಟ ಕಾಯಿಲೆಯ ಹೆಸರನ್ನೂ ಅವರಿಗೆ ಸರಾಗವಾಗಿ ಹೇಳಿದರಂತೆ. ಆ ಮನುಷ್ಯನದೂ ಅದೇ ಕಾಯಿಲೆ. ಇಬ್ಬರೂ ಪೇಟೆಯ ಶೌಚಾಲಯಗಳ ಗುಣದೋಷ ಚರ್ಚಿಸಿದರು. ರೈಲು ನಿಲ್ದಾಣದ್ದು ಮೊದಲಿನ ಹಾಗಿಲ್ಲ ಎಂದು ಇಬ್ಬರೂ ಒಪ್ಪಿದರು.

ಹತ್ತು ದಿನದಲ್ಲಿ ಮಂಜುಗಡ್ಡೆಯ ಹುಚ್ಚು ತಾನಾಗಿ ಬಿಟ್ಟಿತು. ಒಂದು ಮಧ್ಯಾಹ್ನ ಫ್ರಿಜ್ಜು ತೆಗೆದ ಹೆಂಡತಿ ತುಂಬಿದ ತಟ್ಟೆ ಹಾಗೇ ಇರುವುದನ್ನು ಕಂಡು, ಅದರ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರಂತೆ. ಹೊಸ ಔಷಧಿಗೆ ರಕ್ತ ಹೋಗುವುದು ನಿಧಾನವಾಗಿ ನಿಂತಿತು. ಮೂರನೇ ವಾರ ಮೇಷ್ಟ್ರು ಬೂಟಿನ ದಾರ ಕಟ್ಟದೆ ಮೂರೂ ಮಹಡಿ ಹತ್ತಿದರು. ಒಂದು ತಿಂಗಳಿಗೆ ಮತ್ತೆ ರಕ್ತ ಕೊಟ್ಟಾಗ ಹಿಮೋಗ್ಲೋಬಿನ್ ಹತ್ತು ಪಾಯಿಂಟ್ ಏಳು. ಬಸ್ಸಿನಲ್ಲಿ ಇಪ್ಪತ್ಮೂರು ಜನ.

ಅದರ ಮರುದಿನವೇ ಲೈಬ್ರರಿ ಮೇಡಂ ಪರೀಕ್ಷೆ. ಮಾತು ಕೊಟ್ಟಾಗಿತ್ತು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಎರಡು ದಿಂಬು ಕಂಕುಳಲ್ಲಿ ಹಿಡಿದು ನಿಂತ ಮೇಡಂ ಬೆವತು ಹೋಗಿದ್ದರು. ಕಾರಿಗೆ ಹತ್ತುವ ಮುನ್ನ ಮೇಷ್ಟ್ರು ತಮ್ಮ ರಿಪೋರ್ಟನ್ನು ಅವರ ಕೈಗಿಟ್ಟರು. "ನಂದು ಮುಗೀತು. ಮೊದಲ ಮೂರು ಸಲಾನೂ ಫೇಲು, ನಾಲ್ಕನೇ ಸಲ ಪಾಸಾಗೋ ದಾರೀಲಿದೀನಿ. ಫೇಲಾದ್ರೆ ಯಾರೂ ಸಾಯಲ್ಲ, ಮುಚ್ಚಿಟ್ರೆ ಕಷ್ಟ. ಹೋಗಿ ಬನ್ನಿ."

ಮೇಡಂ ಹೋದರು. ರಿವರ್ಸಿನಲ್ಲಿ ಒಂದು ಕಂಬಕ್ಕೆ ಮೆತ್ತಗೆ ಮುತ್ತಿಟ್ಟು ಫೇಲಾಗಿ ಬಂದರು. ಆದರೆ ಇಳಿದವರ ಮುಖ ಅರಳಿತ್ತು. "ಅಷ್ಟೇನಾ ಇದು? ಇದಕ್ಕಾ ನಾನು ಹೆದರ್ತಿದ್ದದ್ದು?" ಎಂದರು. ಮೂರು ವಾರದ ಮೇಲೆ ಮತ್ತೆ ಹೋಗಿ ಸಲೀಸಾಗಿ ಪಾಸಾದರು. ಈಗ ತಂಗಿಯನ್ನು ಕೂರಿಸಿಕೊಂಡು ಪೇಟೆ ಸುತ್ತುತ್ತಾರೆ.

ಬೀದಿ ಕೊನೆಯ ಡಾಕ್ಟರಿಗೂ ಮೇಷ್ಟ್ರು ಎಲ್ಲ ರಿಪೋರ್ಟು ಒಯ್ದು ತೋರಿಸಿದರು. ತಪ್ಪು ಎತ್ತಿ ತೋರಿಸಲು ಅಲ್ಲ, ಅಂದು ಅರ್ಧ ಸತ್ಯ ಹೇಳಿದ್ದಕ್ಕೆ ಕ್ಷಮೆ ಕೇಳಲು. ಆತ ಕನ್ನಡಕ ಏರಿಸಿ ಎಲ್ಲವನ್ನೂ ಓದಿ, "ನೀವು ಪೂರ್ತಿ ಹೇಳ್ಲಿಲ್ಲ, ನಾನು ಪೂರ್ತಿ ಕೇಳ್ಲಿಲ್ಲ. ಸಮ ಸಮ" ಎಂದು ಒಂದು ಪ್ರತಿ ಇಟ್ಟುಕೊಂಡರು.

ಈಗ ಮೂರು ತಿಂಗಳಿಗೊಮ್ಮೆ ಮೇಷ್ಟ್ರು ರಕ್ತ ಕೊಟ್ಟು ಬರುತ್ತಾರೆ. ಹಿಮೋಗ್ಲೋಬಿನ್ ಹದಿಮೂರೂವರೆಯ ಆಸುಪಾಸು. ಕಾಯಿಲೆ ಹೋಗಿಲ್ಲ, ಮಲಗಿದೆ. ಎದ್ದರೆ ಈ ಸಲ ಮೊದಲು ಹೇಳಬೇಕಾದದ್ದು ಯಾರಿಗೆ ಎಂದು ಫ್ರಿಜ್ಜಿನ ಬಾಗಿಲ ಮೇಲೆ ಹೆಂಡತಿ ಬರೆದು ಅಂಟಿಸಿದ್ದಾರೆ: ಮೊದಲ ಹೆಸರು ಅವರದೇ, ಎರಡನೆಯದು ಕರುಳಿನ ಡಾಕ್ಟರದು.

ಹೋದ ತಿಂಗಳು ಆಕೆ ತಾನೂ ಕಾರು ಕಲಿಯುತ್ತೇನೆ ಎಂದು ಹೊರಟರು. ಮೇಷ್ಟ್ರು ಎದೆಯುಬ್ಬಿಸಿ ಬಿಳಿ ಕಾರನ್ನು ತೊಳೆಸಿ ನಿಲ್ಲಿಸಿದರು. ಎರಡು ದಿನ ಪಾಠ ನಡೆಯಿತು. ಮೂರನೇ ದಿನ ಬೆಳಗ್ಗೆ ನಾನು ಅವರ ಆಫೀಸಿನಲ್ಲಿ ಕೂತಿದ್ದಾಗ, ಎದುರು ಸಾಲಿನ ಇನ್ನೊಂದು ಡ್ರೈವಿಂಗ್ ಶಾಲೆಯ ಕೆಂಪು ಕಾರು ನಮ್ಮ ಮುಂದೆಯೇ ಹಾದುಹೋಯಿತು. ಸ್ಟೀರಿಂಗ್ ಹಿಡಿದಿದ್ದವರು ಮೇಷ್ಟ್ರ ಹೆಂಡತಿ. ನೆಟ್ಟಗೆ ಕೂತು, ರಸ್ತೆ ಬಿಟ್ಟು ಬೇರೆಲ್ಲೂ ನೋಡದೆ, ಬಹಳ ಚೆನ್ನಾಗಿ ಓಡಿಸುತ್ತಿದ್ದರು.

"ಯಾಕೆ ಮೇಷ್ಟ್ರೇ, ಅಲ್ಲಿ?" ಎಂದು ಕೇಳಿದೆ.

"ನಾನು ಮಾತು ಜಾಸ್ತಿ ಆಡ್ತೀನಂತೆ, ತಲೆ ಕೆಡುತ್ತಂತೆ" ಎಂದರು ಮೇಷ್ಟ್ರು. ಅವರ ಮುಖದಲ್ಲಿ ಬಹುಮಾನ ಬಂದವರ ಕಳೆ ಇತ್ತು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಬಂದು, ಅವಳು ಎರಡನೇ ಗೇರಿಗೆ ಯಾವಾಗ ಹಾಕಬೇಕಿತ್ತು ಎಂದು ನನಗೆ ಅರ್ಧ ಗಂಟೆ ವಿವರಿಸಿದರು.